ಭೋಂಗಾ ಆಗುವ ತನಕ

ದಾಂಡೇಲಿಯಲ್ಲಿ ಆಗ ಹೊತ್ತು ಗೊತ್ತಾಗುತ್ತಿದ್ದುದು ಕಾಗದದ ಗಿರಣಿಯ ಭೋಂಗಾದಿಂದ, ಅಂದರೆ ಬಾಯ್ಲರಿನ ಉಗಿಯಿಂದ ಕೂಗುವ ಸೀಟಿಯಿಂದ. ಬೆಳಗಿನ ಪಾಳಿಗೆ ಅದು ಎರಡು ಸಲ ಊದುತ್ತಿತ್ತು. ಮೊದಲನೆಯದು ಜನರನ್ನು ಎಬ್ಬಿಸುವುದಕ್ಕೆ, ಎರಡನೆಯದು ಗೇಟಿನೊಳಗೆ ಕರೆದುಕೊಳ್ಳುವುದಕ್ಕೆ. ನಾವು ಮೂವರು ಮಧ್ಯಾಹ್ನದ ಪಾಳಿಯವರು, ಕೆಲಸಕ್ಕೆ ಅವೆರಡೂ ನಮಗೆ ಸಂಬಂಧವಿರಲಿಲ್ಲ. ಓಡುವುದಕ್ಕೆ ಮಾತ್ರ ಅವನ್ನೇ ನಂಬಿಕೊಂಡಿದ್ದೆವು. ಮೊದಲ ಭೋಂಗಾಕ್ಕೆ ಕಾರ್ಮಿಕರ ಚಾಳದ ಮುಂದಿನಿಂದ ಹೊರಟು ಹಳಿಯಾಳದ ರಸ್ತೆ ಹಿಡಿದು ನಿಧಾನವಾಗಿ ಓಡುವುದು. ಎರಡನೆಯ ಭೋಂಗಾ ಆದಾಗ ಎಲ್ಲಿರುತ್ತೇವೋ ಅಲ್ಲೇ ತಿರುಗಿ, ಮೈಯಲ್ಲಿ ಇದ್ದಷ್ಟು ಬಲ ಹಾಕಿ ಊರಿಗೆ ಬರುವುದು. ನನ್ನ ಹತ್ತಿರ ಒಂದು ಕೈಗಡಿಯಾರ ಇತ್ತು, ಆದರೆ ಮಳೆಯಲ್ಲಿ ಕೆಟ್ಟೀತೆಂದು ಅದನ್ನು ಟ್ರಂಕಿನಲ್ಲಿ ಇಟ್ಟಿದ್ದೆ. ಉಳಿದಿಬ್ಬರ ಹತ್ತಿರ ಗಡಿಯಾರವೇ ಇರಲಿಲ್ಲ.

ಹೀಗಾಗಿ ಎರಡನೆಯ ಭೋಂಗಾ ಕೇಳಿದ ಜಾಗವೇ ನಮ್ಮ ಅಳತೆ. ಆಷಾಢದಲ್ಲಿ ಅದು ಮೋರಿಯ ಹತ್ತಿರ ಕೇಳಿಸುತ್ತಿತ್ತು. ಶ್ರಾವಣದಲ್ಲಿ ಜೋಡಿ ಮತ್ತಿಮರದ ಹತ್ತಿರ. ಗಣಪತಿ ಹಬ್ಬ ಮುಗಿಯುವ ಹೊತ್ತಿಗೆ ಅರಣ್ಯ ಇಲಾಖೆಯ ನಾಕಾ ಕಣ್ಣಿಗೆ ಬೀಳುವಷ್ಟು ದೂರ ಹೋಗುತ್ತಿದ್ದೆವು. ‘ನಾವು’ ಎಂದು ಬರೆಯುತ್ತಿದ್ದೇನೆ, ನಿಜವೆಂದರೆ ಓಡಿ ನಾಕಾ ಕಂಡವನು ಒಬ್ಬನೇ. ದಿನದ ಓಟದಲ್ಲಿ ನಾನು ಮತ್ತಿಮರದ ಆಚೆ ಹೋದ ನೆನಪಿಲ್ಲ.

ಆ ವರ್ಷ ಯಾವುದೆಂದು ಖಚಿತವಾಗಿ ಹೇಳಲಾರೆ. ಅರವತ್ತರ ಈಚೆಯದೆಂಬುದು ನಿಜ. ದಿನಚರಿ ಬರೆಯುವ ಅಭ್ಯಾಸ ಆಗಲೂ ಇತ್ತು. ಆದರೆ ಆ ತಿಂಗಳುಗಳ ಹಾಳೆಗಳಲ್ಲಿ ಹವೆ, ಊಟ, ಕಾಲುನೋವು ಬಿಟ್ಟರೆ ಬೇರೇನೂ ಇಲ್ಲ. ಮಳೆಗಾಲದ ಮೊದಲಲ್ಲಿ ಧಾರವಾಡದಲ್ಲಿ ನನ್ನ ಅಕ್ಕ ತೀರಿಕೊಂಡಿದ್ದಳು. ತಾಯಿಯಿಲ್ಲದ ನನ್ನನ್ನು ಸಾಕಿ, ಬಿ.ಎಸ್ಸಿ. ಮುಗಿಯುವ ತನಕ ಓದಿಸಿದವಳು. ಮಣ್ಣಿಗೆ ಹೋಗಿ ಬಂದೆ. ಅಳು ಬರಲಿಲ್ಲ. ದಾಂಡೇಲಿಗೆ ಮರಳಿ ಬಂದ ದಿನವೇ, ನಾನು ಕೆಲಸಕ್ಕಿದ್ದ ಗಿರಣಿಯ ಪ್ರಯೋಗಶಾಲೆಯಲ್ಲಿ ಕಾಗದದ ತಿರುಳಿನ ಮಾದರಿ ತೂಗಿದೆ. ತೂಕ ಸರಿಯಾಗಿಯೇ ಬಂತು. ಅಳು ಮುಂದೆ ಎಂದಾದರೂ ಬಂದೀತೆಂದು ಕಾದೆ. ಆ ನಡುವೆ ಒಂದು ಬೆಳಿಗ್ಗೆ ಕೋಣೆಯ ಕಿಟಕಿಯಿಂದ ಇಬ್ಬರು ಮಳೆಯಲ್ಲಿ ರಸ್ತೆ ಹಿಡಿದು ಹೋಗುವುದನ್ನು ನೋಡಿ, ಕ್ಯಾನ್ವಾಸ್ ಬೂಟು ಹಾಕಿಕೊಂಡು ಅವರ ಹಿಂದೆ ಹೊರಟೆ. ಯಾಕೆ ಹೊರಟೆ ಎಂಬುದಕ್ಕೆ ಆಮೇಲೆ ಹಲವು ಕಾರಣ ಕೊಟ್ಟುಕೊಂಡಿದ್ದೇನೆ. ಒಂದೂ ಆ ದಿನದ್ದಲ್ಲ.

ಆ ಇಬ್ಬರಲ್ಲಿ ಹಿರಿಯವರು ಸೈಕಲ್ ಮೇಲೆ ಇದ್ದರು. ಹಳಿಯಾಳದವರು, ಗಿರಣಿಯ ಬಾಯ್ಲರ್ ಮನೆಯಲ್ಲಿ ಕೆಲಸ. ಹರೆಯದಲ್ಲಿ ಕುಸ್ತಿ ಆಡಿ, ಆಮೇಲೆ ಗರಡಿಯಲ್ಲಿ ಹುಡುಗರಿಗೆ ಕಲಿಸಿದವರು. ಕುಸ್ತಿ ಕಲಿಸುವವರನ್ನು ವಸ್ತಾದರು ಎನ್ನುವುದು ನಮ್ಮ ಕಡೆಯ ರೂಢಿ, ಇವರನ್ನೂ ಎಲ್ಲರೂ ಹಾಗೇ ಕರೆಯುತ್ತಿದ್ದರು. ದೂರದ ಓಟದ ಬಗ್ಗೆ ಅವರಿಗೆ ಗೊತ್ತಿದ್ದುದೆಲ್ಲ ಕುಸ್ತಿಯಿಂದ ಬಂದದ್ದು. ನೆನೆಸಿದ ಕಡಲೆ, ಹಾಲು, ಎಣ್ಣೆಯ ತಿಕ್ಕಾಟ, ಓಡುವಾಗ ನೀರಿನ ಹನಿ ಕೂಡ ಇಲ್ಲ.

ಎರಡನೆಯವನು ಓಡುವವನು. ಬೈಲಹೊಂಗಲದ ಕಡೆಯವನು, ನನಗಿಂತ ಒಂದೆರಡು ವರ್ಷಕ್ಕೆ ಚಿಕ್ಕವನು. ಗಿರಣಿಯಲ್ಲಿ ಬಿದಿರು ಹೊರುವ ಬದಲಿ ಆಳು, ಅಂದರೆ ಕಾಯಂ ಆದವನು ಬಾರದ ದಿನ ಮಾತ್ರ ಕೆಲಸ. ಪಾಳಿಗೆ ಮುಂಚೆ ಗೇಟಿನ ಮುಂದೆ ನಿಂತು ಹೆಸರು ಕರೆಯುವುದನ್ನು ಕಾಯಬೇಕು. ಬರಿಗಾಲಲ್ಲಿ ಓಡುತ್ತಿದ್ದ. ಕೊರಳಲ್ಲಿದ್ದ ಲಿಂಗದ ಕರಡಿಗೆ ಎದೆಯ ಮೇಲೆ ಕುಣಿಯದಂತೆ ಅದನ್ನು ಬಗಲಿಗೆ ಸರಿಸಿ ಮೇಲೊಂದು ಪಂಜೆಯ ತುಂಡು ಬಿಗಿದುಕೊಳ್ಳುತ್ತಿದ್ದ.

“ಸಾಹೇಬರ,” ಎಂದರು ವಸ್ತಾದರು ಮೊದಲ ದಿನ, ಸೈಕಲ್ ನನ್ನ ಪಕ್ಕಕ್ಕೆ ತಂದು. “ಓಡಾಕ ಬಂದೀರೋ, ಗುಡಿಗೆ ಹೊಂಟೀರೋ?”

“ಓಡುತ್ತಿದ್ದೇನಲ್ಲ.”

“ಹಂಗೇನು? ನಾ ಕಾಲ ಉಳಕಿರಬೇಕ ಅಂತ ಮಾಡಿದ್ನಿ.”

ಮುಂದೆ ಓಡುತ್ತಿದ್ದವನು ನಕ್ಕ. ನಗುತ್ತಲೇ ಓಡಬಲ್ಲವನಾಗಿದ್ದ ಅವನು. ನನಗೆ ಅವನ ಬಗ್ಗೆ ಮೊದಲು ಗೊತ್ತಾದದ್ದು ಅದು.

ರಸ್ತೆಯ ಎರಡೂ ಕಡೆ ಕಾಡು. ಬಿದಿರಿನ ಲಾರಿಗಳು ಬಂದರೆ ಬದಿಯ ಕೆಸರಿಗೆ ಇಳಿಯಬೇಕು, ಇಳಿದರೆ ಜಿಗಣೆ. ಗಾಳಿ ಊರ ಕಡೆಯಿಂದ ಬೀಸಿದರೆ ಗಿರಣಿಯ ಕೊಳೆತ ಕೋಸಿನಂಥ ವಾಸನೆ ನಮ್ಮ ಜೊತೆಗೇ ಬರುತ್ತಿತ್ತು. ಒಮ್ಮೆ ಕಾಡುಕೋಣವೊಂದು ರಸ್ತೆಯ ನಡುವೆ ನಿಂತಿತ್ತು. ಮೂವರೂ ನಿಂತೆವು. ಅದು ನಮ್ಮನ್ನು ನೋಡಿ, ಬೇಸರ ಬಂದ ಹಾಗೆ ಇಳಿದು ಹೋಯಿತು. ನನಗೆ ಹೆದರಿಕೆ ಆಗಲಿಲ್ಲ. ಆಗಬೇಕಿತ್ತು ಎಂದು ಆಮೇಲೆ ಅನ್ನಿಸಿತು.

ಅವನಿಗೆ ಆ ಓಟ ಯಾಕೆ ಬೇಕಾಗಿತ್ತೆಂಬುದು ನನಗೆ ತಿಳಿದದ್ದು ಕೋಗಿಲಬನದಲ್ಲಿ. ವಾರದ ರಜೆಯ ದಿನ ಓಟ ಮುಗಿಸಿ ಕಾಳಿಯಲ್ಲಿ ಮೈ ತೊಳೆಯಲು ಅಲ್ಲಿಗೆ ಹೋಗುತ್ತಿದ್ದೆವು. ವಸ್ತಾದರು ಬಂಡೆಯ ಮೇಲೆ ಕೂತು ಅವನ ಮೀನಖಂಡಕ್ಕೆ ಎಣ್ಣೆ ತಿಕ್ಕುತ್ತಿದ್ದರು.

“ಸಾಹೇಬರ, ನಿಮ್ಮ ಲಗ್ನ ಆಗೇತಿ?” ಎಂದು ಅವನು ಕೇಳಿದ.

“ಇನ್ನೂ ಇಲ್ಲ.”

“ಮಾಡ್ಕೊಳ್ರಿ. ಆದ್ರ ಗಂಡಮಕ್ಕಳಿಲ್ಲದ ಮನಿ ಹೆಣ್ಣ ಮಾತ್ರ ಮಾಡ್ಕೋಬ್ಯಾಡ್ರಿ. ಮಾವ ಅಳಿಯನ ಮಾರಿ ನೋಡೂದಿಲ್ಲ. ನೇಗಲಾ ಹಿಡೀತಾನೋ ಇಲ್ಲೋ, ಅಷ್ಟ ನೋಡ್ತಾನ.”

“ಹಂಗಾರ ಮಗಳನ್ನ ಎತ್ತಿಗೆ ಕೊಟ್ಟಿದ್ರ ಆಗ್ತಿತ್ತಲ್ಲೋ,” ಎಂದರು ವಸ್ತಾದರು.

“ಎತ್ತ ಒಲ್ಲೆ ಅಂದಿರಬೇಕ್ರಿ. ಅದಕ್ಕ ನನ್ನ ಹಿಡದಾರ.”

ವಿಷಯ ಇಷ್ಟು. ಹೆಂಡತಿಯ ತವರು ಹಳಿಯಾಳ ತಾಲೂಕಿನ ತೇರಗಾಂವ. ಮಾವನಿಗೆ ಭತ್ತದ ಗದ್ದೆ ಇತ್ತು, ಗಂಡುಮಕ್ಕಳಿರಲಿಲ್ಲ. ಅಳಿಯ ತಮ್ಮ ಮನೆಗೇ ಬಂದು ಇರಲಿ ಎಂಬುದು ಮಾವನ ಆಸೆ. ಇವನಿಗೆ ಮನೆಯಳಿಯನಾಗುವುದೆಂದರೆ ಸಾಯುವಷ್ಟು ನಾಚಿಕೆ. ಇವನ ಊರಲ್ಲಿ ಅಂಥವನನ್ನು ಹೆಂಗಸರೂ ಹಂಗಿಸುವ ಹೆಸರಿಟ್ಟು ಕರೆಯುತ್ತಿದ್ದರಂತೆ. ಹೆಂಡತಿಯನ್ನು ಇಲ್ಲಿಗೆ ಕರೆತರಬೇಕೆಂದರೆ ಚಾಳದಲ್ಲಿ ಖೋಲಿ ಬೇಕು, ಖೋಲಿ ಕಾಯಂ ಆದವರಿಗೆ ಮಾತ್ರ. ಇವನು ನಾಲ್ಕು ಬದಲಿ ಆಳುಗಳ ಜೊತೆ ಒಂದು ತಗಡಿನ ಶೆಡ್ಡಿನಲ್ಲಿ ಮಲಗುತ್ತಿದ್ದ. ದಸರೆಯ ತನಕ ನೋಡುತ್ತೇನೆ ಎಂದಿದ್ದರು ಮಾವ. ದಸರೆಗೆ ದಾಂಡೇಲಿಯಲ್ಲಿ ಒಂದು ದೊಡ್ಡ ಓಟ ಇತ್ತು. ಅದರಲ್ಲಿ ಮೊದಲು ಬಂದವನು ಬದಲಿ ಆಳಾಗಿದ್ದರೆ ಅವನನ್ನು ಕಾಯಂ ಮಾಡಲು ಮೇಲಿನವರಿಗೆ ಹೇಳುತ್ತೇನೆಂದು ಓಟ ನಡೆಸುವ ಗಿರಣಿಯ ಅಧಿಕಾರಿಯೊಬ್ಬರು ಅಂದಿದ್ದರಂತೆ. ಅವರು ಹಾಗೆ ಅಂದದ್ದನ್ನು ನಾನು ಕೇಳಿಲ್ಲ. ಕೇಳಿದೆ ಎಂದವರನ್ನು ಕೇಳಿದ್ದೇನೆ.

“ಭೋಂಗಾ ನಮ್ಮಾಕಿಗೂ ಕೇಳ್ತೈತಂತ್ರಿ,” ಎಂದ ನೀರಿಗೆ ಇಳಿಯುತ್ತ. “ಗಾಳಿ ಆ ಕಡೆ ಹೊಡದ್ರ ತೇರಗಾಂವದಾಗೂ ಕೇಳ್ತೈತಂತ. ಎರಡನೇದ ಆದಕೂಡ್ಲೆ, ಈಗ ಹೊಳ್ಳಿ ಜೋರ ಓಡಾಕತ್ತಿರಬೇಕ ಅಂತ ತಿಳೀತಾಳಂತ.”

ಅಷ್ಟು ದೂರ ಕೇಳಿಸಲಾರದು ಎಂದು ನನಗೆ ಅನ್ನಿಸಿತು. ಓದಿದ ವಿಜ್ಞಾನ ನಾಲಿಗೆಯ ತುದಿಗೆ ಬಂತು. ಹೇಳಲಿಲ್ಲ. ದಯೆಯಿಂದಲ್ಲ, ಮಾತಾಡುವ ಉಮೇದು ಇರಲಿಲ್ಲ ಅಷ್ಟೆ.

ಓಟದ ದಾರಿ ನಾಕಾದಿಂದಲೂ ಆಚೆ, ರಸ್ತೆ ಬದಿಯ ಒಂದು ಹಳ್ಳಿಯ ಬಾವಿಯಿಂದ ಹೊರಟು ದಾಂಡೇಲಿಯ ಶಾಲೆಯ ಮೈದಾನದವರೆಗೆ. ಬೆಳಿಗ್ಗೆ ಮೊದಲ ಭೋಂಗಾದ ಹೊತ್ತಿಗೇ ಬಿಡುವುದೆಂದು ನಿಶ್ಚಯವಾಗಿತ್ತು. ವಸ್ತಾದರು ತಮ್ಮ ಲೆಕ್ಕ ಹಾಕಿದರು. ಅವರ ಪ್ರಕಾರ ಎರಡನೆಯ ಭೋಂಗಾ ಆಗುವಾಗ ಓಡುವವನು ನಾಕಾದ ಹತ್ತಿರ ಇರಬೇಕು.

“ಅಲ್ಲೀತನಕ ಯಾರರೆ ಮುಂದ ಹೋಗ್ಲಿ, ನೀ ಜೋರ ಬಿಡಬ್ಯಾಡ,” ಎಂದರು. “ಕುಸ್ತ್ಯಾಗ ಮೊದಲ ಮೈಮ್ಯಾಲ ಬಿದ್ದಾವನ ಮೊದಲ ಮಣ್ಣ ತಿಂತಾನ. ಭೋಂಗಾ ಆಗೂತನಕ ತಡಿ. ಆತಂದ್ರ ತಂದಿನೂ ನೋಡಬ್ಯಾಡ, ತಾಯಿನೂ ನೋಡಬ್ಯಾಡ.”

“ಮಾವನ್ನ ನೋಡಬಹುದೇನ್ರಿ?”

“ಅಂವನ್ನ ಹಿಂದ ಹಾಕಾಕನ ಓಡಾಕತ್ತೀಯಲ್ಲೋ ಮಬ್ಬ!”

ಮಾತು ಚಲೋ ಆಗಿತ್ತು. ದಿನವೂ ಹಾಗೇ ಓಡುತ್ತಿದ್ದುದರಿಂದ ಹೊಸದಾಗಿ ಕಲಿಯುವುದೇನೂ ಇರಲಿಲ್ಲ. ಭಾದ್ರಪದದ ಕೊನೆಗೆ ಮಳೆ ಹಿಂದೆ ಸರಿಯಿತು. ಎರಡನೆಯ ಭೋಂಗಾ ಆಗುತ್ತಿದ್ದಂತೆ ಅವನ ಹಿಮ್ಮಡಿ ನೆಲ ಮುಟ್ಟುವುದೇ ನಿಂತ ಹಾಗೆ ಕಾಣುತ್ತಿತ್ತು. ನಾನೂ ತಿರುಗಿ ಊರ ಕಡೆ ಓಡುತ್ತಿರುವಾಗ ಅವನು ಹಿಂದಿನಿಂದ ಬರುತ್ತಿದ್ದ. ನನ್ನನ್ನು ದಾಟುವಾಗ ನೋಡುತ್ತಲೂ ಇರಲಿಲ್ಲ. ಆ ಸದ್ದು ಅವನ ಕಿವಿಗಲ್ಲ, ನೇರವಾಗಿ ಕಾಲಿಗೇ ಕೇಳಿಸುತ್ತಿದೆಯೋ ಎನ್ನುವ ಹಾಗೆ.

ಖಂಡೇನವಮಿಯ ದಿನ ಗಿರಣಿ ನಿಂತಿತು. ನವಮಿಗೆ ಪೂಜೆಗೆ ಕೂರಿಸಿದ ಆಯುಧವನ್ನು ದಶಮಿಯ ಪೂಜೆ ಮುಗಿಯುವ ತನಕ ಮುಟ್ಟಬಾರದು. ರೈತನ ನೇಗಿಲಿಗೆ ಇರುವ ನಿಯಮವೇ ಯಂತ್ರಕ್ಕೂ. ಬೆಳಗಿನಿಂದ ಎಲ್ಲರೂ ಯಂತ್ರ ತೊಳೆದರು. ಬಿದಿರು ಕತ್ತರಿಸುವ ಚಕ್ರಕ್ಕೆ ವಿಭೂತಿ ಬಳಿದರು, ಕುಂಬಳಕಾಯಿ ಒಡೆದರು. ಪ್ರಯೋಗಶಾಲೆಯಲ್ಲಿ ನಾವು ತಕ್ಕಡಿಗೆ ಕುಂಕುಮ ಹಚ್ಚಿದೆವು. ಬಾಯ್ಲರ್ ಮನೆಯಲ್ಲಿ ವಸ್ತಾದರು ಮಡಿಯುಟ್ಟು ನಿಂತಿದ್ದರು. ಭೋಂಗಾ ಊದಲು ಎಳೆಯುವ ಸರಪಳಿಗೆ ಚೆಂಡುಹೂವಿನ ಮಾಲೆ ಕಟ್ಟಿದವರು ಅವರೇ. ಕಟ್ಟುವಾಗ ಓಡುವವನು ಕೆಳಗೆ ನಿಂತು ಹೂವಿನ ಬುಟ್ಟಿ ಹಿಡಿದಿದ್ದ. ನಾನು ಬಾಗಿಲಲ್ಲಿ ನಿಂತು ಚುರುಮುರಿ, ಬುಂದಿ ತಿನ್ನುತ್ತಿದ್ದೆ. ಇಷ್ಟನ್ನು ಮಾತ್ರ ಆಣೆ ಮಾಡಿ ಹೇಳಬಲ್ಲೆ. ಬುಂದಿಯಿಂದ ಎಣ್ಣೆಯ ವಾಸನೆ ಬರುತ್ತಿತ್ತು.

ಮರುದಿನ ದಶಮಿ. ಲಾರಿಯೊಂದರಲ್ಲಿ ನಮ್ಮನ್ನೆಲ್ಲ ಬಾವಿಯ ಹತ್ತಿರ ಬಿಟ್ಟರು. ಗಿರಣಿಯವರು, ಊರಿನವರು, ಕುಳಗಿಯ ಅರಣ್ಯ ಕ್ಯಾಂಪಿನ ಒಬ್ಬ ಕಾವಲುಗಾರ, ಹಳಿಯಾಳದ ಇಬ್ಬರು ಪೈಲವಾನರು. ವಸ್ತಾದರು ಅವನ ಎದೆಯ ಮೇಲೆ ಅಂಗೈ ಇಟ್ಟು, “ಭೋಂಗಾ ಆಗೂತನಕ ತಡಿ,” ಎಂದರು. ನಾನೂ ಕೇಳಿದೆ. ಅವನು ತಲೆಯಾಡಿಸಿದ. ಹಿಂದಿನ ದಿನ ಹೂವಿನ ಬುಟ್ಟಿ ಹಿಡಿದಿದ್ದ ಅವನಿಗಾಗಲಿ, ಮಾಲೆ ಕಟ್ಟಿದ ಅವರಿಗಾಗಲಿ, ನೋಡುತ್ತ ನಿಂತಿದ್ದ ನನಗಾಗಲಿ ಏನೂ ಹೊಳೆಯಲಿಲ್ಲ. ಹೊತ್ತು ಮುಳುಗುವ ತನಕ ಎನ್ನುತ್ತೇವಲ್ಲ, ಹೊತ್ತು ಮುಳುಗುತ್ತದೋ ಇಲ್ಲವೋ ಎಂದು ಯಾರು ನೋಡುತ್ತಾರೆ? ಅದು ಹಾಗಿತ್ತು.

ಬಾವಿಯ ತನಕ ಭೋಂಗಾ ಹೇಗೂ ಕೇಳಿಸುತ್ತಿರಲಿಲ್ಲ. ಅಧಿಕಾರಿ ಗಡಿಯಾರ ನೋಡಿ ರುಮಾಲು ಬೀಸಿದರು.

ಅವನು ಮೈದಾನದ ಸುಣ್ಣದ ಗೆರೆ ದಾಟಿದ್ದು ನನಗೆ ಬಹಳ ಸ್ಪಷ್ಟವಾಗಿ ಕಾಣಿಸುತ್ತದೆ. ಬಿಸಿಲು, ಬಗಲಿಗೆ ಬಿಗಿದ ಬಟ್ಟೆ, ಅತ್ತಿತ್ತ ನೋಡುವ ಮುಖ. ಅದನ್ನು ನಾನು ನೋಡಿರಲು ಸಾಧ್ಯವೇ ಇಲ್ಲ. ಆಗ ನಾನು ಇನ್ನೂ ಮತ್ತಿಮರದ ಹತ್ತಿರ, ಒಂದು ಬೂಟಿನ ಲಾಡಿ ಬಿಚ್ಚಿಕೊಂಡು ಕೂತಿದ್ದೆ. ನಾನು ಮೈದಾನ ತಲುಪಿದಾಗ ಜನ ಅರ್ಧ ಚದುರಿದ್ದರು. ಗೆದ್ದವನು ಕುಳಗಿಯ ಕಾವಲುಗಾರ, ಅವನ ಕೊರಳಲ್ಲಿ ಹಾರ ಇತ್ತು. ನಮ್ಮವನು ಎರಡನೆಯವನಾಗಿ ಬಂದಿದ್ದ. ಬೇವಿನ ಮರದ ಕೆಳಗೆ ನಿಂತಿದ್ದ. ವಸ್ತಾದರ ಅಂಗೈ ಮತ್ತೆ ಅವನ ಎದೆಯ ಮೇಲಿತ್ತು.

“ದಮ್ಮ ಉಳದೈತಲ್ಲೋ,” ಎನ್ನುತ್ತಿದ್ದರು. ಸಿಟ್ಟಿನಿಂದಲ್ಲ, ಹೆದರಿದವರ ಹಾಗೆ. “ಇನ್ನೊಮ್ಮೆ ಓಡೂವಷ್ಟ ದಮ್ಮ ಉಳದೈತಿ. ಯಾಕ ಜೋರ ಬಿಡಲಿಲ್ಲ?”

“ಭೋಂಗಾ ಆಗಲಿಲ್ಲಲ್ರೀ,” ಎಂದ ಅವನು.

ವಸ್ತಾದರು ಕೈ ತೆಗೆದರು.

“ನಾಕಾ ಬಂತ್ರಿ. ಭೋಂಗಾ ಆಗಿರಲಿಲ್ಲ. ಅಂದ್ರ ಹೊತ್ತಿಗಿಂತ ಮೊದಲ ಬಂದೀನಿ, ಭಾಳ ಜೋರ ಓಡಾಕತ್ತೀನಿ ಅಂತ ತಿಳದು ಓಟ ಸ್ವಲ್ಪ ಸಾವಕಾಶ ಮಾಡಿದ್ನಿ. ಅಂವ ಮುಂದ ಹೋದ. ಹೋಗ್ಲಿ, ಇನ್ನೇನ ಆಗ್ತೈತಿ, ಹಿಡಿಯೂಣು ಅಂದ್ಕೊಂಡ್ನಿ. ಮೋರಿ ಬಂತ್ರಿ. ಆಮ್ಯಾಲ ಮೈದಾನಾನ ಬಂತು.”

ಮೂವರೂ ಗಿರಣಿಯ ಚಿಮಣಿಯ ಕಡೆ ನೋಡಿದೆವು. ಹೊಗೆ ಇರಲಿಲ್ಲ. ಪಕ್ಕದಲ್ಲಿ ನಿಂತು ಕೇಳಿಸಿಕೊಂಡವನೊಬ್ಬ, “ಭೋಂಗಾಕ್ಕೂ ಹಬ್ಬ ಐತೆಲ್ಲೋ ಮಾರಾಯಾ!” ಎಂದು ನಗತೊಡಗಿದ. ಆ ನಗೆ ಮೈದಾನದ ಆಚೆ ತನಕ ಹೋಯಿತು. ಸಂಜೆಗೆ ಊರಿಗೆಲ್ಲ ಗೊತ್ತಾಗಿತ್ತು. ವಸ್ತಾದರು ನಗಲಿಲ್ಲ. ಮಾಲೆ ಕಟ್ಟಿದ ತಮ್ಮ ಕೈಗಳನ್ನು ನೋಡಿಕೊಂಡರು ಎಂದು ಬರೆಯುವವನಿದ್ದೆ. ನೋಡಿಕೊಂಡಿರಲಿಕ್ಕಿಲ್ಲ. ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡರು, ಅಷ್ಟು ನೆನಪಿದೆ. ಆ ದಿನದ ನನ್ನ ಬರಹ ಇಷ್ಟೇ: ‘ಬಿಸಿಲು. ಓಟ ಆಯಿತು. ಎಡಗಾಲ ಹೆಬ್ಬೆರಳಿನ ಉಗುರು ಕಪ್ಪಾಗಿದೆ.’

ಮಾವ ಮತ್ತು ಹೆಂಡತಿ ಓಟ ನೋಡಲು ಹಿಂದಿನ ಸಂಜೆಯೇ ಬಂದು ಪರಿಚಯದವರಲ್ಲಿ ಇಳಿದಿದ್ದರು. ಸಂಜೆ ಬಸ್ ನಿಲ್ಲುವಲ್ಲಿ ಅವರನ್ನು ಕಂಡೆ. ಮಾವನೆಂದರೆ ಗದರುವ ಮನುಷ್ಯನಿರಬೇಕು ಎಂದುಕೊಂಡಿದ್ದೆ. ಬಿಳಿ ರುಮಾಲಿನ, ಮೆತ್ತಗೆ ಮಾತಾಡುವ ಮುದುಕರು. ದಶಮಿಯ ಬನ್ನಿ ಎಲೆಗಳನ್ನು ಮೊದಲು ನನಗೆ, ಆಮೇಲೆ ಅಳಿಯನಿಗೆ ಕೊಟ್ಟು, “ಬಂಗಾರದಂಗ ಇರೂಣ್ರಿ,” ಎಂದರು. ಅಳಿಯ ಬಾಗಿ ಕಾಲು ಮುಟ್ಟಿದ.

“ಎರಡನೇದಾವ ಅಂದ್ರೂ ಸಣ್ಣ ಮಾತಲ್ಲ,” ಎಂದರು. ಆಮೇಲೆ ಮೊಣಕಾಲು ಹಿಡಿದುಕೊಂಡು, “ಭತ್ತ ಹಣ್ಣಾಗಾಕತ್ತೈತಿ, ಅಳಿಯಂದ್ರ. ನನ್ನ ಮಣಕಾಲ ನೋಡೀರಲಾ,” ಎಂದರು. ಅಳಿಯ ನೆಲ ನೋಡುತ್ತಿದ್ದ.

ಹೆಂಡತಿ ಇಳಕಲ್ ಸೀರೆಯ ಸೆರಗು ಹೊದ್ದು, ಖಾಲಿ ಬುತ್ತಿಯ ಗಂಟು ಹಿಡಿದು ಹಿಂದೆ ನಿಂತಿದ್ದಳು. ಬಸ್ಸು ಹತ್ತುವಾಗ ಗಂಡನ ಕೈಯಲ್ಲಿ ಬನ್ನಿ ಇಟ್ಟು ಒಂದು ಮಾತು ಹೇಳಿದಳು. “ಹತ್ತರದಿಂದ ಒಮ್ಮಿ ಭೋಂಗಾ ಕೇಳಬೇಕಂತ ಮಾಡಿದ್ನಿ.”

ಮರುದಿನ ಬೆಳಿಗ್ಗೆ ಮೊದಲ ಭೋಂಗಾ ಊದಿತು. ಓಡುವುದಕ್ಕೆ ಇನ್ನು ಕಾರಣವಿರಲಿಲ್ಲ. ಆದರೂ ನಾನು ಬೂಟು ಹಾಕಿಕೊಂಡು ಹೊರಗೆ ಬಂದೆ, ಅವನೂ ಬಂದಿದ್ದ. ವಸ್ತಾದರು ಬರಲಿಲ್ಲ. ಇಬ್ಬರೂ ಹೊರಟೆವು. ಅವನು ಆ ದಿನ ನನ್ನ ವೇಗಕ್ಕೇ ಓಡಿದ. ಇಷ್ಟು ದಿನದಲ್ಲಿ ಅವನ ಪಕ್ಕದಲ್ಲಿ ನಾನು ಓಡಿದ್ದು ಅದೊಂದೇ ಸಲ. ಮತ್ತಿಮರದ ಹತ್ತಿರ ಎರಡನೆಯ ಭೋಂಗಾ ಆಯಿತು. ನಾನು ರೂಢಿಯಂತೆ ತಿರುಗಿದೆ. ನಾಲ್ಕು ಹೆಜ್ಜೆ ಬಂದ ಮೇಲೆ ಪಕ್ಕದಲ್ಲಿ ಅವನಿಲ್ಲ ಎಂದು ಗೊತ್ತಾಯಿತು. ನಿಂತು ನೋಡಿದೆ. ಅವನು ತಿರುಗಿರಲಿಲ್ಲ. ಭೋಂಗಾ ಕೇಳಿ ಕಾಲು ಮಾತ್ರ ಎಂದಿನಂತೆ ಜೋರು ಹಿಡಿದಿದ್ದವು, ಹಳಿಯಾಳದ ಕಡೆಗೆ. ಅಷ್ಟು ಜೋರಾಗಿ ಓಡಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ತಿರುವಿನಲ್ಲಿ ಮರೆಯಾದ. ಕೂಗಬೇಕೆಂದು ನನಗೆ ಅನ್ನಿಸಲಿಲ್ಲ. ಸ್ವಲ್ಪ ಹೊತ್ತು ನಿಂತು ಕೋಣೆಗೆ ಬಂದು ಸ್ನಾನ ಮಾಡಿದೆ.

ಮಧ್ಯಾಹ್ನ ಗೇಟಿನಲ್ಲಿ ಅವನ ಹೆಸರು ಕರೆದರಂತೆ. ಉತ್ತರವಿಲ್ಲದ್ದರಿಂದ ಪಕ್ಕದವನನ್ನು ಒಳಗೆ ಬಿಟ್ಟರು.

ಎರಡನೆಯ ಬಹುಮಾನವಾಗಿ ಬಂದ ಹಿತ್ತಾಳೆಯ ತಂಬಿಗೆ ವಸ್ತಾದರ ಮನೆಯಲ್ಲೇ ಉಳಿದಿತ್ತು. ಬೇಸಿಗೆಯಲ್ಲಿ ಅದನ್ನು ತಂದು ನನ್ನ ಕೈಗೆ ಕೊಟ್ಟರು. “ನೀವು ಕೊಟ್ಟ ಬರ್ರಿ ಸಾಹೇಬರ. ನನಗ ಆಗೂದಿಲ್ಲ.” ನಾನು ಹಳಿಯಾಳಕ್ಕೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಕೇಳಿಕೊಂಡು ತೇರಗಾಂವ ಮುಟ್ಟಿದೆ. ಅವನು ಅಂಗಳದಲ್ಲಿ ಎತ್ತಿಗೆ ಹೊಸ ಹಗ್ಗ ಹೊಸೆಯುತ್ತಿದ್ದ. ಮೈ ತುಂಬಿಕೊಂಡಿತ್ತು. “ಬರ್ರಿ ಸಾಹೇಬರ, ಬರ್ರಿ,” ಎಂದು ಕಂಬಳಿ ಹಾಸಿದ. ತಂಬಿಗೆಯನ್ನು ತಿರುಗಿಸಿ ನೋಡಿ ಒಳಗೆ ಕೊಟ್ಟ. ಸ್ವಲ್ಪ ಹೊತ್ತಿಗೆ ಹೆಂಡತಿ ಅದರಲ್ಲೇ ಮಜ್ಜಿಗೆ ತಂದಿಟ್ಟು ಬಾಗಿಲ ಮರೆಗೆ ಹೋದಳು.

ಏನು ಕೇಳಬೇಕೆಂದು ತಿಳಿಯದೆ, “ಭೋಂಗಾ ಇಲ್ಲಿಗೆ ಕೇಳಿಸುತ್ತದೇನು?” ಎಂದೆ.

“ಇಲ್ಲೆಲ್ಲಿ ಕೇಳಬೇಕ್ರಿ!” ಎಂದು ನಕ್ಕ. “ಬಂದ ದಿನದಿಂದ ಕಿವಿಗೊಟ್ಟು ನೋಡೇನಿ. ಸುಳ್ಳ ಹೇಳ್ತಿದ್ಲು.”

“ಸುಳ್ಳ ಯಾಕ ಹೇಳ್ಲಿ?” ಎಂದಿತು ಬಾಗಿಲ ಹಿಂದಿನ ದನಿ. “ಆವಾಗ ಕೇಳ್ತಿತ್ತು.”

“ಈಗ್ಯಾಕ ಕೇಳೂದಿಲ್ಲ ಮತ್ತ?”

“ಈಗ ಕೇಳಿ ಏನ ಮಾಡೂದೈತಿ?”

ಅವನು ಹಗ್ಗದ ಎಳೆ ಕಾಲಬೆರಳಿಗೆ ಸಿಕ್ಕಿಸಿ ಮತ್ತೆ ಹೊಸೆಯತೊಡಗಿದ. ನಾನು ಮಜ್ಜಿಗೆ ಕುಡಿದೆ. ಉಪ್ಪು ಸ್ವಲ್ಪ ಹೆಚ್ಚಾಗಿತ್ತು.

“ಈಗಲೂ ಓಡ್ತೀಯೇನು?” ಎಂದು ಕೇಳಿದೆ.

“ಎಲ್ಲಿಗ್ರಿ, ಸಾಹೇಬರ?” ಎಂದ. ನಿಜವಾಗಿಯೂ ತಿಳಿಯದೆ ಕೇಳಿದ ಹಾಗಿತ್ತು. ಹಗ್ಗದ ಇನ್ನೊಂದು ತುದಿ ಹಿಡಿಯಿರಿ ಎಂದ, ಬಸ್ಸಿನ ಹೊತ್ತಾಗುವ ತನಕ ಹಿಡಿದುಕೊಂಡು ಕೂತೆ.